ಲೆಕ್ಕ ನೋಡುವವರು, ವಕಾಲತ್ತು ಮಾಡುವವರು

ಡೆಲಾಯ್ಟ್, ಪಿಡಬ್ಲ್ಯೂಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ಬೃಹತ್ ಲೆಕ್ಕಪರಿಶೋಧನಾ ಸಂಸ್ಥೆಗಳು ಹಲವು ದೇಶಗಳಲ್ಲಿ ಕಾನೂನು ಸೇವೆಗೂ ಇಳಿದು ವಕೀಲರಿಗೆ ಪೈಪೋಟಿ ನೀಡುತ್ತಿವೆ. ವಕೀಲರಲ್ಲದವರೂ ಕಾನೂನು ಸಂಸ್ಥೆಯ ಒಡೆಯರಾಗಲು ಇಂಗ್ಲೆಂಡ್ 2007ರ ಕಾಯ್ದೆಯಲ್ಲಿ ದಾರಿ ತೆರೆಯಿತು. 2025ರಲ್ಲಿ ಅಮೆರಿಕದ ಅರಿಝೋನಾ ರಾಜ್ಯವೂ ಕೆಪಿಎಂಜಿಗೆ ಅನುಮತಿ ಕೊಟ್ಟಿತು.

ನನ್ನ ಅಕ್ಕನ ಮಗಳು ಸಿ.ಎ. ಓದುತ್ತಿದ್ದಾಳೆ, ತಂಗಿಯ ಮಗಳು ಕಾನೂನು. "ತೆರಿಗೆ, ಲೆಕ್ಕ, ಒಪ್ಪಂದ ಎಲ್ಲಾ ಒಂದೇ ಕಡೆ ಸಿಕ್ಕರೆ ಜನರಿಗೆ ಸುಲಭ ಅಲ್ವಾ ಖಾಲಾ?" ಎನ್ನುತ್ತಾಳೆ ಮೊದಲನೆಯವಳು. ಸುಲಭವೇನೋ ನಿಜ. ಆದರೆ ವಕೀಲ ಕಕ್ಷಿದಾರನ ಗುಟ್ಟು ಕಾಯಬೇಕು. ಲೆಕ್ಕಪರಿಶೋಧಕ ಕಂಡ ತಪ್ಪನ್ನು ಹೇಳಬೇಕು. ಒಬ್ಬರೇ ಎರಡನ್ನೂ ಮಾಡುವುದು ಹೇಗೆ?

2001ರಲ್ಲಿ ಅಮೆರಿಕದ ಎನ್ರಾನ್ ಕಂಪೆನಿ ದಿವಾಳಿಯಾಯಿತು. ಅದರ ಲೆಕ್ಕ ನೋಡುತ್ತಿದ್ದ ಆರ್ಥರ್ ಆ್ಯಂಡರ್ಸನ್ ಸಂಸ್ಥೆಯೇ ಅದಕ್ಕೆ ಸಲಹೆಗಾರನೂ ಆಗಿತ್ತು. ಸಾವಿರಾರು ನೌಕರರು ಕೆಲಸದ ಜೊತೆಗೆ ಮುಪ್ಪಿನ ಉಳಿತಾಯವನ್ನೂ ಕಳೆದುಕೊಂಡರು. ಮರುವರ್ಷವೇ ಅಲ್ಲಿ ಹೊಸ ಕಾಯ್ದೆ ಬಂತು: ಷೇರುಪೇಟೆಯ ಕಂಪೆನಿಯ ಲೆಕ್ಕ ನೋಡುವವರು ಅದಕ್ಕೇ ಕಾನೂನು ಸೇವೆ ಕೊಡುವಂತಿಲ್ಲ.

ನಮ್ಮ ದೇಶದಲ್ಲಿ 1961ರ ವಕೀಲರ ಕಾಯ್ದೆಯಂತೆ ವಕಾಲತ್ತು ನೋಂದಾಯಿತ ವಕೀಲರಿಗೇ ಮೀಸಲು. ಇದನ್ನು ವಕೀಲರ ಹೊಟ್ಟೆಪಾಡಿನ ಪ್ರಶ್ನೆ ಎಂದಷ್ಟೇ ನೋಡಬಾರದು. ಲೆಕ್ಕ ನೋಡುವವರು ಯಾರ ಮುಲಾಜಿಗೂ ಸಿಗದಿದ್ದರೆ ಮಾತ್ರ ನಮ್ಮಂಥವರ ಉಳಿತಾಯ ಸುರಕ್ಷಿತ.