ಹತ್ತು ಪ್ರಶ್ನೆಗಳು ಕಲಿಸಿದ ಪಾಠ

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದಾಗ, ನಾನು ಕಲಿಸಿದ ಪಾಠಕ್ಕಿಂತಲೂ ನಾನೇ ಕಲಿತ ಪಾಠವೊಂದನ್ನು ಹೇಳುವುದು ಲೇಸೆಂದು ತೋರಿತು.

ಟ್ರೇನಿಂಗ್ ಮುಗಿಸಿ ಉಪಾಧ್ಯಾಯಿನಿಯಾದ ಮೊದಲ ವರುಷವದು. ಇನ್ನೂ ಬೋಧಿಸದಿದ್ದ ಪ್ರಕರಣವೊಂದರಿಂದ ಹತ್ತು ಪ್ರಶ್ನೆಗಳನ್ನು 40 ಮಂದಿ ಬಾಲಿಕೆಯರಿಗೆ ಕೊಟ್ಟೆನು. ಒಂದೊಂದಕ್ಕೂ ನಾಲ್ಕು ಉತ್ತರಗಳು, ಸರಿಯಾದುದು ಒಂದೇ. ಎಲ್ಲರೂ ಊಹಿಸಿಯೇ ಗುರುತು ಹಾಕಬೇಕಾಗಿದ್ದಿತು. ಒಬ್ಬಳಿಗೆ ಮಾತ್ರ ಆರು ಉತ್ತರಗಳು ಸರಿಯಾಗಿದ್ದುವು. ನನ್ನ ಮೇಜಿನ ಮೇಲಿದ್ದ ಉತ್ತರಗಳ ಪಟ್ಟಿಯನ್ನು ಅವಳು ನೋಡಿರಬೇಕೆಂದು ಸಂಶಯಪಟ್ಟೆನು. “ಇಲ್ಲ ಟೀಚರೇ, ಊಹಿಸಿಯೇ ಬರೆದೆನು” ಎಂದು ಅವಳು ಅತ್ತಳು.

ನಾನು ಲೆಕ್ಕವನ್ನು ನಂಬಿದೆನು, ಮಗುವನ್ನು ನಂಬಲಿಲ್ಲ. ಊಹೆಯಿಂದ ಬರತಕ್ಕ ಸರಾಸರಿ 2.5, ಮಾನಕ ವಿಚಲನೆ ಸುಮಾರು 1.37. ಘಂಟಾಕಾರದ ನಾರ್ಮಲ್ ರೇಖೆಯ ಕೋಷ್ಟಕದಂತೆ ಆರು ಅಥವಾ ಹೆಚ್ಚು ಬರುವ ಸಂಭವ 1000ಕ್ಕೆ 5 ಮಾತ್ರ. ಅವಳನ್ನು ತರಗತಿಯ ಮುಂದೆ ನಿಲ್ಲಿಸಿದೆನು.

ಆ ರಾತ್ರಿ ಮನಸ್ಸು ಕೇಳಲಿಲ್ಲ. ದ್ವಿಪದ ಸೂತ್ರದಿಂದಲೇ ನೇರವಾಗಿ ಲೆಕ್ಕ ಹಾಕಿದೆನು. ಉತ್ತರವು 1000ಕ್ಕೆ ಸುಮಾರು 20 ಎಂದು ಬಂದಿತು! 40 ಮಂದಿಯೂ ಊಹಿಸಿದರೆ, ಒಬ್ಬಳಿಗಾದರೂ ಆರು ಬರುವ ಸಂಭವ 100ಕ್ಕೆ ಸುಮಾರು 55. ಅಂತಹ ಹುಡುಗಿ ಒಬ್ಬಳೂ ಇಲ್ಲದಿರುವುದಕ್ಕಿಂತ ಇರುವುದೇ ಹೆಚ್ಚು ಸಂಭವನೀಯವಾಗಿದ್ದಿತು.

ಪ್ರಯೋಗಗಳು ಹೆಚ್ಚಿದಂತೆ ದ್ವಿಪದ ವಿತರಣೆಯ ಮೆಟ್ಟಿಲುಗಳು ನುಣುಪಾದ ಘಂಟಾಕಾರದ ರೇಖೆಗೆ ಸಮೀಪಿಸುವುವೆಂದು ಅಬ್ರಹಾಂ ಡಿ ಮ್ವಾವ್ರನು 1733ರಲ್ಲಿ ತೋರಿಸಿದನು. ಆದರೆ ಹೀಗೆ ನಂಬುವುದಕ್ಕೆ, ನಿರೀಕ್ಷಿತ ಸರಿಗಳೂ ನಿರೀಕ್ಷಿತ ತಪ್ಪುಗಳೂ ಪ್ರತ್ಯೇಕವಾಗಿ 5ಕ್ಕೆ ಕಡಿಮೆಯಿರಬಾರದು. ಎಚ್ಚರಿಕೆಯುಳ್ಳವರು 10 ಬೇಕೆನ್ನುತ್ತಾರೆ. ನನ್ನ ಪರೀಕ್ಷೆಯಲ್ಲಿ ನಿರೀಕ್ಷಿತ ಸರಿಗಳು 2.5 ಮಾತ್ರ. ಅಲ್ಲಿ ಮೆಟ್ಟಿಲುಗಳ ಬಾಲವು ಬಲಕ್ಕೆ ಚಾಚಿರುವುದು. ಘಂಟೆಯಾದರೋ ಎರಡು ಕಡೆಗೂ ಸಮ. ಇಡಿಯ ಸಂಖ್ಯೆಗಳನ್ನು ರೇಖೆಗೆ ಹೊಂದಿಸುವಾಗ 6ರ ಬದಲು 5.5ರಿಂದ ಅಳೆಯಬೇಕೆಂಬುದನ್ನೂ ಮರೆತಿದ್ದೆನು. ಹಾಗೆ ಅಳೆದರೂ 1000ಕ್ಕೆ ಸುಮಾರು 14 ಮಾತ್ರ ದೊರೆಯುವುದು. ಪ್ರಶ್ನೆಗಳು 100 ಆಗಿದ್ದರೆ ನಿರೀಕ್ಷಿತ ಸರಿ 25, ತಪ್ಪು 75. ಆಗ ರೇಖೆಯನ್ನು ಧೈರ್ಯವಾಗಿ ನಂಬಬಹುದಾಗಿದ್ದಿತು.

ಮರುದಿನ ಅದೇ ತರಗತಿಯ ಮುಂದೆ ಅವಳ ಕ್ಷಮೆಯನ್ನು ಬೇಡಿದೆನು. “ಇರಲಿ ಟೀಚರೇ” ಎಂದಳು. ಆದರೆ ಆ ವರುಷ ಮುಗಿಯುವ ತನಕ ನನ್ನ ಗಣಿತದ ಪಾಠದಲ್ಲಿ ಅವಳು ಒಮ್ಮೆಯೂ ಕೈಯೆತ್ತಲಿಲ್ಲ.

ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಮಕ್ಕಳ ಅಂಕಗಳನ್ನು ನೋಡಿ ತೀರ್ಪು ಹೇಳುವವರಾಗಿದ್ದೀರಿ. ತೀರ್ಪು ಹೇಳುವ ಮೊದಲು, ನಮ್ಮ ಕೈಯಲ್ಲಿರುವ ಅಳತೆಗೋಲು ಅಷ್ಟು ಚಿಕ್ಕ ಲೆಕ್ಕಕ್ಕೆ ಸಲ್ಲುವುದೋ ಎಂದು ಒಮ್ಮೆ ಕೇಳಿಕೊಳ್ಳೋಣ.