ಗೀರು ಬಿದ್ದ ಸೀಡಿ, ಒಳಗೆ ಕೃಷ್ಣ ಸಂಧಾನ

ಆಷಾಢದ ಮಳೆ ಹಂಚಿನ ಮೇಲೆ ಜಡಿಯುತ್ತಿದೆ. ಹುಲಿಕಲ್ ಘಾಟಿ ಹತ್ತಿ ಬಂದ ಮೋಡ ಹೊಸನಗರ ತಾಲ್ಲೂಕಿನ ಈ ಅಡಿಕೆ ತೋಟದ ಮೇಲೇ ಠಿಕಾಣಿ ಹೂಡಿದೆ. ನೀವು ಜಗಲಿಯಲ್ಲಿ ಕಷಾಯದ ಲೋಟ ಹಿಡಿದು ಕೂತಿದ್ದೀರಿ. ಎದುರಿಗೆ ಬಾಯಿ ತೆರೆದ ಕಬ್ಬಿಣದ ಟ್ರಂಕು. ಒಳಗೆಲ್ಲ ಸೀಡಿಗಳು: ಮದುವೆ, ಉಪನಯನ, ಹಳೇ ಸಿನಿಮಾ, ತಾಳಮದ್ದಳೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು ಒಂದನ್ನೆತ್ತಿ ಬಲ್ಬಿಗೆ ಅಡ್ಡ ಹಿಡಿಯುತ್ತಾಳೆ. ಮೇಲೆ ಮಾರ್ಕರ್ ಪೆನ್ನಿನ ಬರಹ: ಕೃಷ್ಣ ಸಂಧಾನ, ತೀರ್ಥಹಳ್ಳಿ.

ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಇಂಥದೇ ಒಂದು ಮಳೆಯ ರಾತ್ರಿ ನಡೆದ ತಾಳಮದ್ದಳೆ ಕೂಟ. ಅಜ್ಜ ಅದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಆಮೇಲೆ ಸಾಗರದ ಸ್ಟುಡಿಯೊ ಒಂದರಲ್ಲಿ ಎಂಪಿ3 ಮಾಡಿಸಿ ಸೀಡಿಗೆ ಹಾಕಿಸಿದರು. ಕ್ಯಾಸೆಟ್ಟು ಬೂಷ್ಟು ಹಿಡಿದು ತಿಪ್ಪೆ ಸೇರಿತು. ಉಳಿದದ್ದು ಇದೊಂದೇ.

“ಎಂತಾತೇ ಕೂಸೆ?”

“ತೂತು ಬಿದ್ದಿಲ್ಲೆ ಅಜ್ಜ.”

ಅವಳು ಹುಡುಕಿದ್ದು ಬೆಳಕು ಸೂಸುವ ಸೂಜಿಮೊನೆಯಷ್ಟು ತೂತುಗಳನ್ನು. ಹೊಳೆಯುವ ಅಡಿಭಾಗದಲ್ಲೇ ಎಲ್ಲ ಇದೆ ಎಂದುಕೊಂಡಿದ್ದೀರಿ, ಅಲ್ಲ. ಸೀಡಿಯ ದಪ್ಪ 1.2 ಮಿ.ಮೀ. ಅದರ ಬಹುಪಾಲು ಬರೀ ಪಾರದರ್ಶಕ ಪ್ಲಾಸ್ಟಿಕ್ಕು. ದತ್ತಾಂಶವಿರುವುದು ಮೇಲ್ಗಡೆ, ಹೆಸರು ಬರೆಯುವ ಬದಿಯಲ್ಲಿ, ತೆಳು ವಾರ್ನಿಷ್ಷಿನ ಕೆಳಗೆ. ಆ ಬದಿ ಕೆತ್ತಿಹೋದರೆ ಮುಗಿಯಿತು. ಅಡಿಭಾಗದ ಗೀರು ಕಿಟಕಿ ಗಾಜಿಗೆ ಬಿದ್ದ ಗೀರಿನಂತೆ: ನೋಟ ಮಸುಕಾಗುತ್ತದೆ, ಒಳಗಿನ ಸಾಮಾನಿಗೆ ಏನೂ ಆಗುವುದಿಲ್ಲ.

ಅಂಚಿನಲ್ಲೊಂದು ಕಂದು ಕಲೆ ಕಂಡು ಅವಳು ಹುಬ್ಬು ಗಂಟಿಕ್ಕುತ್ತಾಳೆ. ಬೂಷ್ಟು ಸೀಡಿಯನ್ನೂ ತಿನ್ನಬಲ್ಲದು. ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸೀಡಿಯೊಂದನ್ನು ಜಿಯೊಟ್ರೈಕಮ್ ಎಂಬ ಶಿಲೀಂಧ್ರ ಅಂಚಿನಿಂದ ಕೊರೆದು ಒಳನುಗ್ಗಿದ್ದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ವರದಿ ಮಾಡಿದ್ದರು. ಸೆಕೆ, ತೇವ ಎರಡೂ ಇರುವ ದೇಶ ಅದು. ಮಲೆನಾಡಿನ ಟ್ರಂಕಿನೊಳಗಿನ ಹವೆಯೂ ಹೆಚ್ಚೇನು ಬೇರೆಯಲ್ಲ. ಇಲ್ಲಿಯದು ಮಾತ್ರ ಮೇಲ್ಮೇಲಿನ ಕಲೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಹಳೇ ಪಂಚೆಯ ಮೆತ್ತನೆ ತುಂಡು. ಅಷ್ಟಕ್ಕೇ ಹೋಗುತ್ತದೆ. ಒಳಗೋಡೆಯ ನೆರಳಿನಲ್ಲಿ ಸೀಡಿ ಆರುತ್ತದೆ.

ಅಷ್ಟರಲ್ಲಿ ಅಜ್ಜ ಬಚ್ಚಲಿನಿಂದ ಬಿಳಿ ಟೂತ್‌ಪೇಸ್ಟ್ ಹಿಡಿದು ಬಂದಿದ್ದಾರೆ.

“ತಡಿ ಅಜ್ಜ, ಮೊದ್ಲು ಓದ್ಸನ. ತಿಕ್ಕದು ಆಮೇಲೆ.”

ತಿಕ್ಕಿದ್ದು ಕೆಟ್ಟರೆ ಈಗ ಓದಿಗೆ ಸಿಗುವುದೂ ಕೈತಪ್ಪುತ್ತದೆ. ಅವಳು ಸೀಡಿಯನ್ನು ಡ್ರೈವಿಗೆ ಹಾಕಿ ಲ್ಯಾಪ್‌ಟಾಪಿನಲ್ಲಿ ಡಿಡಿರೆಸ್ಕ್ಯೂ ನಡೆಸುತ್ತಾಳೆ, ಉಚಿತ ತಂತ್ರಾಂಶ. ಸಾಮಾನ್ಯ ಕಾಪಿಯಂತೆ ಇದು ಮೊದಲ ಗೀರಿಗೇ ಕೈಚೆಲ್ಲುವುದಿಲ್ಲ. ಸುಲಭಕ್ಕೆ ಸಿಕ್ಕಿದ್ದನ್ನೆಲ್ಲ ಬಾಚಿ, ಸಿಗದ ಜಾಗಗಳನ್ನು ಒಂದು ನಕ್ಷೆ ಕಡತದಲ್ಲಿ ಗುರುತಿಟ್ಟು ಮುಂದಕ್ಕೆ ಹೋಗುತ್ತದೆ. ಬಿಟ್ಟದ್ದಕ್ಕೆ ಮತ್ತೆ ಬರುತ್ತದೆ.

ನೀವು ಡ್ರೈವಿನ ಸದ್ದಿಗೆ ಕಿವಿಗೊಡುತ್ತೀರಿ. ಗುಂಯ್ ಎಂದು ಏರುತ್ತದೆ, ಗೀರು ಸಿಕ್ಕಲ್ಲಿ ಟಕ್ ಟಕ್ ಎಂದು ತಡವರಿಸಿ ವೇಗ ಇಳಿಸುತ್ತದೆ. ಸಣ್ಣ ಗೀರುಗಳನ್ನು ಅದು ಗಮನಿಸುವುದೂ ಇಲ್ಲ. ಲೇಸರ್ ಕಿರಣ ಪ್ಲಾಸ್ಟಿಕ್ಕಿನೊಳಗೆ ಇಳಿಯುವಲ್ಲಿ ಸುಮಾರು ಮುಕ್ಕಾಲು ಮಿ.ಮೀ. ಅಗಲವಿದ್ದು, ದತ್ತಾಂಶ ಮುಟ್ಟುವಾಗ ಮೈಕ್ರಾನುಗಳ ಲೆಕ್ಕಕ್ಕೆ ಕಿರಿದಾಗುತ್ತದೆ. ಜೊತೆಗೆ, ಬರೆಯುವಾಗಲೇ ಬೈಟುಗಳನ್ನು ಚದುರಿಸಿ, ಹೆಚ್ಚುವರಿ ಲೆಕ್ಕದ ಬೈಟುಗಳನ್ನು ಸೇರಿಸಿರುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ 1960ರಲ್ಲಿ ಪ್ರಕಟಿಸಿದ ಗಣಿತ ಅದು. ಹಾದಿಯಲ್ಲಿ ಸುಮಾರು ಎರಡೂವರೆ ಮಿ.ಮೀ. ಅಳಿಸಿಹೋದರೂ ಉಳಿದದ್ದರಿಂದ ಹೋದದ್ದನ್ನು ಕಟ್ಟಿಕೊಳ್ಳಬಹುದು.

ಸುತ್ತು ಮುಗಿದಾಗ ಓದದೆ ಉಳಿದದ್ದು ಆರು ಎಂಬಿ. ಈ ಎಂಪಿ3 128 ಕೆಬಿಪಿಎಸ್‌ನದು. 2048 ಬೈಟಿನ ಒಂದು ಸೆಕ್ಟರ್ ಹೋದರೆ ಸೆಕೆಂಡಿನ ಎಂಟನೇ ಒಂದು ಪಾಲು ಮಾತು ಹೋದಂತೆ. ಒಟ್ಟು ಆರು ನಿಮಿಷಕ್ಕೂ ಮಿಕ್ಕಿ ಮೌನ.

ಈಗ ಪೇಸ್ಟಿನ ಸರದಿ. ಜೆಲ್ ನಡೆಯುವುದಿಲ್ಲ, ಬಿಳಿಯದೇ ಬೇಕು. ಅದರ ನುಣ್ಣನೆ ಪುಡಿ ಗೀರಿನ ಅಂಚನ್ನು ಸವೆಸಿ ಬೆಳಕು ಚದುರುವುದನ್ನು ಕಡಿಮೆ ಮಾಡುತ್ತದೆ. ನಿಮ್ಮ ಕೈಗೂ ಬಟ್ಟೆ ಬರುತ್ತದೆ. ಅಭ್ಯಾಸಬಲದಿಂದ ಗೋಲವಾಗಿ ತಿಕ್ಕಲು ಹೊರಟರೆ ಅವಳು ತಡೆಯುತ್ತಾಳೆ: ನಡುವಿನಿಂದ ಅಂಚಿಗೆ, ನೇರವಾಗಿ. ದತ್ತಾಂಶದ ಹಾದಿ ಸುರುಳಿಯಾಗಿ ಸುತ್ತುತ್ತದೆ. ಅಡ್ಡ ಬಿದ್ದ ಗೆರೆಯನ್ನು ಅದು ಕ್ಷಣದಲ್ಲಿ ದಾಟುತ್ತದೆ. ಹಾದಿಯುದ್ದಕ್ಕೂ ಬಿದ್ದ ಗೆರೆಯನ್ನು ಯಾವ ಗಣಿತವೂ ತುಂಬಲಾರದು.

ತೊಳೆದು ಒರೆಸಿದ ಸೀಡಿ ಈ ಸಲ ಅಟ್ಟದಿಂದ ಇಳಿಸಿದ ಹಳೇ ಕಂಪ್ಯೂಟರಿಗೆ ಹೋಗುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ನಕ್ಷೆ ಕಡತ ಪೆನ್‌ಡ್ರೈವಿನಲ್ಲಿದೆ. ಹಾಗಾಗಿ ಬಿಟ್ಟ ಜಾಗಗಳನ್ನಷ್ಟೇ ಅದು ಹುಡುಕುತ್ತದೆ. ನಡುವೆ ಕರೆಂಟು ಹೋಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ, ತಂತ್ರಾಂಶವೂ ಆಗುವುದಿಲ್ಲ: ಕರೆಂಟು ಬಂದ ಮೇಲೆ ನಕ್ಷೆ ನೋಡಿಕೊಂಡು ಹೆಚ್ಚುಕಡಿಮೆ ನಿಂತಲ್ಲಿಂದಲೇ ಹೊರಡುತ್ತದೆ. ಕೊನೆಗೆ ಸಿಗದೆ ಉಳಿದದ್ದು ಅರ್ಧ ಎಂಬಿ, ಅರ್ಧ ನಿಮಿಷ.

ಎಲ್ಲರೂ ಸ್ಪೀಕರಿನ ಸುತ್ತ ಕೂರುತ್ತೀರಿ. ಮದ್ದಳೆ, ಭಾಗವತರ ಏರುದನಿ. ಪದ್ಯದ ನಡುವೆ ದನಿ ಕತ್ತರಿಸಿ ಹಾರುತ್ತದೆ. ನೀವು ಪೆಚ್ಚಾಗುತ್ತೀರಿ, ಅಜ್ಜ ಆಗುವುದಿಲ್ಲ.

“ಪದ್ಯ ಹೋದ್ರೆ ಹೋಗ್ಲಿ, ಪುಸ್ತಕದಲ್ಲಿ ಇದ್ದು. ಮಾತು ಬಂತಾ?”

ಬಂದಿದೆ. ಕೌರವನ ಕೊಂಕಿಗೆ ಕೃಷ್ಣ ಕೊಟ್ಟ ಉತ್ತರ ಇಡಿಯಾಗಿ ಬಂದಿದೆ. ಕೃಷ್ಣನ ಪಾತ್ರದ ಅರ್ಥಧಾರಿ ಆ ರಾತ್ರಿ ಆ ಕ್ಷಣಕ್ಕೆ ಹೊಳೆದು ಆಡಿದ ಮಾತು. ಯಾವ ಪ್ರಸಂಗದ ಪುಸ್ತಕದಲ್ಲೂ ಅದು ಅಚ್ಚಾಗಿಲ್ಲ, ಮರುದಿನ ಅದೇ ಪಾತ್ರಕ್ಕೆ ಕೂತರೂ ಅವರು ಅದನ್ನೇ ಆಡುತ್ತಿರಲಿಲ್ಲ.

ಮೊಮ್ಮಗಳು ಕಡತವನ್ನು ಎರಡು ಕಡೆ ಉಳಿಸುವಷ್ಟರಲ್ಲಿ ಅಜ್ಜ ಟ್ರಂಕನ್ನು ವಿಂಗಡಿಸತೊಡಗಿದ್ದಾರೆ. ಸಿನಿಮಾಗಳು ಪಕ್ಕಕ್ಕೆ: ಎಲ್ಲಿ ಬೇಕಾದರೂ ಸಿಗುತ್ತವೆ. ಮದುವೆಯವು ಎರಡನೇ ಸಾಲಿಗೆ: ಬೀಗರ ಮನೆಯಲ್ಲೂ ಒಂದೊಂದು ಪ್ರತಿ ಇದ್ದೀತು. ತಾಳಮದ್ದಳೆಯವನ್ನೆಲ್ಲ ಆರಿಸಿ, ಬಟ್ಟೆಯಲ್ಲಿ ಒರೆಸಿ, ಡ್ರೈವಿನ ಪಕ್ಕ ಸಾಲಾಗಿ ಇಡುತ್ತಿದ್ದಾರೆ.