ಚೇಂದಮಂಗಲದ ಯಹೂದಿ ಪಳ್ಳಿಯಲ್ಲಿ ಒಂದು ದಿನ

ಮಂಗಳೂರಿನವರಿಗೆ ಪಳ್ಳಿ ಎಂದರೆ ಮಸೀದಿ. ಎರ್ನಾಕುಳಂ ಜಿಲ್ಲೆಯ ಉತ್ತರದ ಮೂಲೆಯಲ್ಲಿ, ಪೆರಿಯಾರ್ ನದಿ ಕವಲೊಡೆದು ಕಡಲಿಗೆ ಇಳಿಯುವ ನೆಲದಲ್ಲಿ ಆ ಮಾತಿನ ಹರವು ಇನ್ನೂ ದೊಡ್ಡದು. ಅಲ್ಲಿ ಮಸೀದಿಯೂ ಪಳ್ಳಿ, ಇಗರ್ಜಿಯೂ ಪಳ್ಳಿ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಕೂಡ ಪಳ್ಳಿಯೇ. ಪರವೂರಿನಲ್ಲಿ ರಿಕ್ಷಾ ಹತ್ತಿ "ಚೇಂದಮಂಗಲಂ ಪಳ್ಳಿ" ಎಂದಾಗ ಚಾಲಕರು ಹಿಂದೆ ತಿರುಗಿ "ಏದು ಪಳ್ಳಿ?" ಎಂದು ಕೇಳಿದರು. "ಜೂದಪ್ಪಳ್ಳಿ" ಎಂದೆ. ಮತ್ತೆ ಮಾತಿಲ್ಲ, ಗಾಡಿ ಹೊರಟಿತು. ಯಹೂದಿಗಳು ಊರು ಬಿಟ್ಟು ಎಪ್ಪತ್ತು ವರ್ಷ ಕಳೆದರೂ ವಿಳಾಸ ಮಾತ್ರ ಊರಿನ ಬಾಯಲ್ಲಿ ಹಾಗೇ ಉಳಿದಿದೆ.

ಈ ಪ್ರಯಾಣಕ್ಕೆ ಕಾರಣ ಮಂಗಳೂರಿನ ಒಬ್ಬ ಹಳೆಯ ನಿವಾಸಿ. ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಸಿಯಾದಲ್ಲಿ ಹುಟ್ಟಿದ ಈ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು ನೆಲೆಸಿ, ಹದಿನೇಳು ವರ್ಷಗಳಷ್ಟು ಕಾಲ ಇಲ್ಲೇ ವ್ಯಾಪಾರ ಮಾಡಿದವನು. ಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನಿಗೊಂದು ಕಂಚು-ಹಿತ್ತಾಳೆಯ ಕಾರ್ಖಾನೆಯೂ ಇತ್ತು. ಅವನು ಬರೆದ, ಅವನಿಗೆ ಬಂದ ಪತ್ರಗಳು ಕೈರೋ ನಗರದ ಬೆನ್ ಎಜ್ರಾ ಸಿನಗಾಗ್‌ನ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದಿದ್ದು, ಆಮೇಲೆ ಕೇಂಬ್ರಿಜ್‌ನಂಥ ಗ್ರಂಥಾಲಯಗಳಿಗೆ ಸೇರಿದವು. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಊರಿನ ಆಳಿನ ಬೆನ್ನು ಹತ್ತಿ ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದರು. ಹೀಬ್ರೂ ಲಿಪಿಯ ಮೂರು ಅಕ್ಷರಗಳಲ್ಲಿ ಅಡಗಿದ್ದ ಹೆಸರು 'ಬೊಮ್ಮ' ಎಂದು ಹೊಳೆದದ್ದು ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ. 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಎಂಬ ಘೋಷ್ ಅವರ ಪುಸ್ತಕ 1992ರಲ್ಲಿ ಬಂತು. ಅದನ್ನು ಓದಿದಾಗಿನಿಂದ, ಈ ಕರಾವಳಿಯಲ್ಲಿ ಯಹೂದಿಗಳು ಬದುಕಿದ ಮನೆಯೊಂದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. ಮಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಆಲುವಾದಲ್ಲಿ ಇಳಿದೆ. ಅಲ್ಲಿಂದ ಪರವೂರಿಗೆ ಬಸ್ಸು.

ಚೇಂದಮಂಗಲ ಕೊಚ್ಚಿ ರಾಜರ ಪರಂಪರಾಗತ ಪ್ರಧಾನಿಗಳಾಗಿದ್ದ ಪಾಲಿಯತ್ ಅಚ್ಚನ್‌ರ ಊರು. ನೇಯ್ಗೆಯವರ ಊರು ಕೂಡ. 2018ರ ಆಗಸ್ಟ್ ನೆರೆಯಲ್ಲಿ, ಓಣಂ ಹಬ್ಬಕ್ಕೆಂದು ಸಿದ್ಧವಾಗಿದ್ದ ಸೀರೆ-ಮುಂಡುಗಳೆಲ್ಲ ಕೆಸರಿನಲ್ಲಿ ಮುಳುಗಿದವು. ಕಲೆ ಹೋಗದ ಬಟ್ಟೆಯನ್ನು ಎಸೆಯದೆ ಪುಟ್ಟ ಗೊಂಬೆ ಮಾಡಿ 'ಚೇಕುಟ್ಟಿ' ಎಂದು ಹೆಸರಿಟ್ಟು ಮಾರಿದರು. ಆ ಗೊಂಬೆಗಳು ನೇಕಾರರ ಕೈಹಿಡಿದವು. ಊರಿನ ಕೋಟ್ಟಯಿಲ್ ಕೋವಿಲಗಂ ಗುಡ್ಡದ ಆಸುಪಾಸಿನಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿ, ಸಿನಗಾಗ್ ನಾಲ್ಕೂ ಇವೆ. ಯಹೂದಿಗಳ ಹಳೆಯ ಸ್ಮಶಾನವೂ ಅಲ್ಲೇ.

ಸಿನಗಾಗ್ ಕಟ್ಟಡ ದೂರದಿಂದ ನೋಡಿದರೆ ಹಳ್ಳಿಯ ದೊಡ್ಡ ಮನೆಯಂತೆ ಕಾಣುತ್ತದೆ. ಸುಣ್ಣ ಬಳಿದ ದಪ್ಪ ಗೋಡೆ, ಇಳಿಜಾರು ಹೆಂಚಿನ ಮಾಡು. ಅಂಗಳದಲ್ಲಿ ಸೊಂಟದೆತ್ತರದ ಒಂದು ಕಲ್ಲು ನಿಂತಿದೆ. ಮೇಲೆ ಹೀಬ್ರೂ ಅಕ್ಷರ. ಇಸ್ರೇಲನ ಮಗಳು ಸಾರಾ ಎಂಬಾಕೆಯ ಗೋರಿಗಲ್ಲು ಅದು, ಕಾಲ 1269. ಭಾರತದಲ್ಲಿ ಸಿಕ್ಕ ಹೀಬ್ರೂ ಗೋರಿಗಲ್ಲುಗಳಲ್ಲಿ ಇದೇ ಅತಿ ಹಳೆಯದೆಂದು ವಿದ್ವಾಂಸರು ಹೇಳುತ್ತಾರೆ. ಮಳೆ ಬಿಸಿಲಿಗೆ ಸವೆದ ಗೆರೆಗಳ ಮೇಲೆ ಬೆರಳಾಡಿಸಬೇಕೆನಿಸಿತು, ಆಡಿಸಲಿಲ್ಲ. ಬೆನ್ ಯಿಜು ಮಂಗಳೂರು ಬಿಟ್ಟು ನೂರಿಪ್ಪತ್ತು ವರ್ಷಕ್ಕೆ ಕೆತ್ತಿದ ಕಲ್ಲು. ನಮ್ಮ ಕಡೆ ಅದು ಹೊಯ್ಸಳರ ಕಾಲ.

ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಕಣ್ಣು ಮೇಲಕ್ಕೆ ಹೋಗುತ್ತದೆ. ಚಾವಣಿ ಇಡೀ ಮರದ ಚೌಕಗಳು, ಚೌಕಕ್ಕೊಂದು ಬಣ್ಣದ ಕಮಲ. ಬಡಗಿಯ ಉಳಿ ದೇವಸ್ಥಾನದಲ್ಲಿ ಅರಳಿಸುವ ಅದೇ ಕಮಲ. ಎದುರಿನ ಗೋಡೆಗೆ ಕೆಂಪು ಮತ್ತು ಹೊಂಬಣ್ಣದ ಕೆತ್ತನೆಯ ಕಪಾಟು. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇಡುತ್ತಿದ್ದ ಜಾಗ ಅದು. ಕೊಚ್ಚಿಯ ಯಹೂದಿಗಳು ಅದನ್ನು ಹೇಖಾಲ್ ಎನ್ನುತ್ತಾರೆ. ನಡುವೆ, ಕಟಾಂಜನ ಹಾಕಿದ ದುಂಡು ವೇದಿಕೆ ತೇಬಾ. ತೋರಾ ಓದುವವರು ನಿಲ್ಲುತ್ತಿದ್ದದ್ದು ಅಲ್ಲಿ.

ಬಾಗಿಲಲ್ಲಿ ಕುಳಿತಿದ್ದ, ಕಟ್ಟಡ ನೋಡಿಕೊಳ್ಳುವ ಚೇಚಿ (ಅಕ್ಕ) ನನ್ನ ಅರೆಬರೆ ಮಲಯಾಳ ಕೇಳಿ ಎದ್ದು ಬಂದರು. "ಮೇಲೆ ಹೋಗಿ ನೋಡಿ ಸಾರ್, ಎಲ್ಲರೂ ಕೆಳಗಷ್ಟೇ ನೋಡಿ ಹೋಗಿಬಿಡುತ್ತಾರೆ" ಎಂದರು.

ಅವರು ಹೇಳದಿದ್ದರೆ ನಾನೂ ಕೆಳಗಿನಿಂದಲೇ ಹಿಂದಿರುಗುತ್ತಿದ್ದೆ. ಉಪ್ಪರಿಗೆಯಲ್ಲಿ ಇನ್ನೊಂದು ತೇಬಾ ಇದೆ. ಲೋಕದ ಸಿನಗಾಗ್‌ಗಳಲ್ಲಿ ಓದುವ ವೇದಿಕೆ ಒಂದೇ. ಕೇರಳದವರು ಮಾತ್ರ ಮೇಲೊಂದು ಕಟ್ಟಿಕೊಂಡರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು, ಹಬ್ಬದ ದಿನ ತೋರಾವನ್ನು ಅಲ್ಲಿಂದ ಓದುತ್ತಿದ್ದರು. ಆ ವೇದಿಕೆಯ ಬೆನ್ನಿಗೇ ಮರದ ಜಾಲಂದರ, ಅದರಾಚೆ ಹೆಂಗಸರು ಕೂರುವ ಕೋಣೆ. ನಾನು ಜಾಲಂದರದ ಹೆಂಗಸರ ಬದಿಗೆ ಹೋಗಿ ನಿಂತೆ. ಮರದ ಪಟ್ಟಿಗಳ ಸಂದಿನಿಂದ ನೋಡಿದರೆ ಓದುವವನು ನಿಲ್ಲುವ ಜಾಗ ಮೂರು ನಾಲ್ಕು ಹೆಜ್ಜೆ ದೂರ. ಕೆಳಗೆ ಬೆಂಚಿನಲ್ಲಿ ಕುಳಿತ ಗಂಡಸರು ಕತ್ತೆತ್ತಿ ಕೇಳಬೇಕು. ಮರೆಯಲ್ಲಿ ಕುಳಿತ ಹೆಂಗಸರಿಗೆ ಅಕ್ಷರ ಅಕ್ಷರವೂ ಕಿವಿಯ ಪಕ್ಕದಲ್ಲೇ. ಮರೆ ಮರೆಯೇ, ಅದನ್ನು ಸಮಾನತೆ ಎಂದು ಹೇಳಲಾರೆ. ಆದರೆ ಈ ಹೆಂಗಸರು ಹೀಬ್ರೂ ಪ್ರಾರ್ಥನೆಗಳನ್ನು ಬಾಯಿಪಾಠ ಬಲ್ಲವರಾಗಿದ್ದರು, ಹೀಬ್ರೂ ಹಾಡುಗಳನ್ನು ಗಂಡಸರ ಜೊತೆ ಹಾಡುತ್ತಿದ್ದರು ಎಂದು ಓದಿದ್ದೆ. ಅದು ಹೇಗೆ ಸಾಧ್ಯವಾಯಿತೆಂದು ಆ ಜಾಗದಲ್ಲಿ ನಿಂತಾಗ ಅರ್ಥವಾಯಿತು. ಕೇರಳದ ಹಲವು ಸಿನಗಾಗ್‌ಗಳಲ್ಲಿ ಮಕ್ಕಳ ಪಾಠವೂ ಇದೇ ಮೇಲಂತಸ್ತಿನಲ್ಲಿ ನಡೆಯುತ್ತಿತ್ತು. ಯಹೂದಿಗಳಿಗೆ ಪ್ರಾರ್ಥನೆಯ ಮನೆಯೇ ಪಾಠಶಾಲೆ.

ಈಗಲೂ ಅದು ಪಾಠಶಾಲೆಯೇ. ಕೇರಳ ಸರ್ಕಾರ ಕಟ್ಟಡವನ್ನು ದುರಸ್ತಿ ಮಾಡಿಸಿದ ಮೇಲೆ, 2006ರಲ್ಲಿ ಇಲ್ಲಿ ಕಾಯಂ ಪ್ರದರ್ಶನ ಶುರುವಾಯಿತು. ಮರಿಯನ್ ಸೋಫರ್, ಮಾನವಶಾಸ್ತ್ರಜ್ಞೆ ಶಲ್ವಾ ವೈಲ್, ವಾಸ್ತುಶಿಲ್ಪಿ ಜೇ ವರಾಂಕರ್ ಸೇರಿ ರೂಪಿಸಿದ್ದು. ಗೋಡೆಯ ಫಲಕಗಳಲ್ಲಿ ಇಲ್ಲಿ ಬದುಕಿದವರ ಮನೆ, ಮದುವೆ, ಹಬ್ಬಗಳ ಕಥೆ ಇದೆ. ನಾನು ಹೋದ ದಿನ ಶಾಲೆಯ ಹುಡುಗಿಯರ ಗುಂಪೊಂದು ಬಂದಿತ್ತು. ಫಲಕ ಓದಿದ ಒಬ್ಬಳು "ಇವರು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು?" ಎಂದು ಕೇಳಿದಳು. "ನಮ್ಮದೇ, ಮಲಯಾಳ" ಎಂದರು ಚೇಚಿ. ಹುಡುಗಿಯ ಮುಖ ಅರಳಿತು.

ಆ ಮಲಯಾಳದಲ್ಲೇ ಇವರ ದೊಡ್ಡ ಆಸ್ತಿ ಇರುವುದು. ಕೇರಳದ ಯಹೂದಿ ಹೆಂಗಸರು ನೋಟುಪುಸ್ತಕಗಳಲ್ಲಿ ಹಾಡು ಬರೆದಿಟ್ಟುಕೊಳ್ಳುತ್ತಿದ್ದರು. ಮದುವೆಯ ಹಾಡು, ಬೈಬಲಿನ ಕಥೆಯ ಹಾಡು, ಗಿಳಿಯನ್ನು ಕರೆದು ಹೇಳುವ ಹಾಡು, ಇಂತಿಂಥ ಪಳ್ಳಿಯನ್ನು ಇಂತಿಂಥವರು ಕಟ್ಟಿದರೆಂಬ ಹಾಡು. ತಾಯಿಯ ಪುಸ್ತಕವನ್ನು ಮಗಳು ನಕಲು ಮಾಡಿಕೊಳ್ಳುವಳು; ಚಪ್ಪಾಳೆ ತಟ್ಟುತ್ತಾ ಸುತ್ತು ಬಂದು ಹಾಡುವರು. ನಮ್ಮಲ್ಲಿ ಸೋಬಾನೆ, ಆರತಿ ಹಾಡುಗಳ ಪುಸ್ತಕ ಅಜ್ಜಿಯ ಟ್ರಂಕಿನಿಂದ ಮೊಮ್ಮಗಳ ಕೈಗೆ ಬಂದ ಹಾಗೆ. ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಗಂಟಿನಲ್ಲಿ ಹೋದವು. ಅಮೆರಿಕದ ಬಾರ್ಬರಾ ಜಾನ್ಸನ್, ಕೇರಳದ ಸ್ಕರಿಯಾ ಸಕ್ಕರಿಯಾ, ಇಸ್ರೇಲಿನ ಓಫಿರಾ ಗಮ್ಲಿಯೇಲ್ ಅವುಗಳನ್ನು ಹುಡುಕಿ, ಓದಿ, ಉಳಿಸಿದರು. ಮಲಯಾಳ ಮತ್ತು ಹೀಬ್ರೂ ಎರಡರಲ್ಲೂ ಮುದ್ರಿಸಿದ 'ಕಾರ್‌ಕುಳಲಿ' ಸಂಕಲನ 2005ರಲ್ಲಿ ಜೆರುಸಲೇಮಿನಲ್ಲಿ ಪ್ರಕಟವಾಯಿತು.

ಹೋದದ್ದು ಯಾಕೆ? ಯಾರೂ ಓಡಿಸಲಿಲ್ಲ. ಹದಿನಾರು, ಹದಿನೇಳನೆಯ ಶತಮಾನದ ಪೋರ್ಚುಗೀಸರ ಕಾಟವನ್ನು ಬಿಟ್ಟರೆ ಈ ನೆಲದಲ್ಲಿ ತಮಗೆ ಕಿರುಕುಳವಾಗಲಿಲ್ಲ ಎಂದು ಅವರೇ ಹೇಳುತ್ತಾರೆ. ಜೆರುಸಲೇಮಿಗೆ ಮರಳುವುದು ಅವರ ದಿನದಿನದ ಪ್ರಾರ್ಥನೆಯಲ್ಲಿತ್ತು, 1948ರಲ್ಲಿ ಇಸ್ರೇಲ್ ಹುಟ್ಟಿತು. ಸುಮಾರು ಎರಡೂವರೆ ಸಾವಿರ ಜನ ಇದ್ದ ಸಮುದಾಯದಲ್ಲಿ ಹೆಚ್ಚಿನವರು 1950ರ ದಶಕದ ಮೊದಲರ್ಧದಲ್ಲಿ ಹೊರಟರು. ಅಲ್ಲಿ ಕೃಷಿಗ್ರಾಮಗಳಲ್ಲಿ ನೆಲೆಯಾದರು. ನೆಗೆವ್ ಮರುಭೂಮಿಯ ನೆವಾತಿಮ್ ಎಂಬ ಹಳ್ಳಿಯಲ್ಲಿ ಅವರದೇ ಸಿನಗಾಗ್, ಅವರದೇ ಸಂಗ್ರಹಾಲಯ ಇವೆ.

ಪರವೂರಿನ ಸಿನಗಾಗ್ ಮಧ್ಯಾಹ್ನ ನೋಡಿದೆ. ಚೇಂದಮಂಗಲಕ್ಕಿಂತ ದೊಡ್ಡದು, ಉದ್ದದ್ದು. 1616ರ ಹೊತ್ತಿಗೆ ಸಮುದಾಯದ ಮುದಲಿಯಾರ್, ಅಂದರೆ ಮುಖಂಡ, ಆಗಿದ್ದ ಡೇವಿಡ್ ಕಾಸ್ಟೀಲ್ ಕಟ್ಟಿಸಿದ್ದು. ಪಡಿಪ್ಪುರ ಎಂಬ ಹೆಬ್ಬಾಗಿಲ ಮನೆ ದಾಟಿ, ಕಂಬಗಳ ಮೊಗಸಾಲೆ ಹಾಯ್ದು, ಹಂತ ಹಂತವಾಗಿ ಒಳಗೆ ಸಾಗಬೇಕು. ಇಲ್ಲಿನ ಹೇಖಾಲ್ ನಕಲು. ಅಸಲಿ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಕಟ್ಟಡ ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯಲ್ಲಿ ದುರಸ್ತಿಯಾಗಿದೆ. ಟಿಪ್ಪುವಿನ ಸೈನ್ಯ 1790ರಲ್ಲಿ ತಿರುವಾಂಕೂರಿನ ಕೋಟೆಗೋಡೆ ಒಡೆದು ಈ ಸೀಮೆಗೆ ನುಗ್ಗಿದಾಗ ಈ ಪಳ್ಳಿಗೂ ಪೆಟ್ಟು ಬಿತ್ತೆಂದು ಸ್ಥಳೀಯರು ಹೇಳುತ್ತಾರೆ. ಮೈಸೂರಿನ ಹೆಸರು ಇಲ್ಲಿ ಹೀಗೆ ನೆನಪಾಗುವುದನ್ನು ಕನ್ನಡದ ಯಾತ್ರಿಕ ಸುಮ್ಮನೆ ಕೇಳಿಕೊಳ್ಳಬೇಕು.

ಮರುದಿನ ಎರ್ನಾಕುಳಂ ಮಾರುಕಟ್ಟೆಯ ಜ್ಯೂ ಸ್ಟ್ರೀಟ್. ಅಕ್ವೇರಿಯಂ ಮೀನು ಮತ್ತು ಗಿಡ ಮಾರುವ ಅಂಗಡಿಯೊಳಗೆ ಹೊಕ್ಕು, ಗಾಜಿನ ತೊಟ್ಟಿಗಳ ನಡುವೆ ನಡೆದರೆ ಹಿಂಬದಿಯಲ್ಲಿ ಕಡವುಂಭಾಗಂ ಸಿನಗಾಗ್. 1970ರ ದಶಕದಲ್ಲಿ ಪ್ರಾರ್ಥನೆ ನಿಂತ ಈ ಮನೆಯನ್ನು ಕೊಚ್ಚಿಯ ಯಹೂದಿ ಮನೆತನದ ಹಿರಿಯರೊಬ್ಬರು ಮೀನಂಗಡಿ ನಡೆಸುತ್ತಲೇ ಕಾಪಾಡಿ, ದುರಸ್ತಿ ಮಾಡಿಸಿದ್ದಾರೆ.

ಎಲ್ಲರೂ ಬಲ್ಲ ಮಟ್ಟಾಂಚೇರಿಯ ಪರದೇಸಿ ಸಿನಗಾಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1568ರಲ್ಲಿ ಕಟ್ಟಿದ್ದು, ನೆಲಕ್ಕೆ ಚೀನಾದ ನೀಲಿ ಚಿತ್ರದ ಬಿಲ್ಲೆ, ಹೊರಗೆ 1760ರ ಗಡಿಯಾರ ಗೋಪುರ. ಅದರ ನಾಲ್ಕು ನೂರನೇ ವರ್ಷದ ಸಮಾರಂಭಕ್ಕೆ 1968ರಲ್ಲಿ ಇಂದಿರಾ ಗಾಂಧಿ ಬಂದಿದ್ದರು. ನಾನು ಅಲ್ಲಿ ನೆನೆದದ್ದು ಎ. ಬಿ. ಸೇಲಂ ಅವರನ್ನು. ಹಿಂದೊಮ್ಮೆ ಊಳಿಗದಿಂದ ಬಿಡುಗಡೆಯಾದವರ ಸಂತತಿ ಎಂಬ ಕಾರಣಕ್ಕೆ ಅವರ ಕಡೆಯವರನ್ನು ಈ ಸಿನಗಾಗ್‌ನ ಒಳಗೆ ಇತರರ ಜೊತೆ ಕೂರಲು ಬಿಡುತ್ತಿರಲಿಲ್ಲ. ವಕೀಲರಾಗಿದ್ದ ಸೇಲಂ ಗಾಂಧಿ ಮಾರ್ಗದ ಸತ್ಯಾಗ್ರಹ ಹೂಡಿದರು. ಜನ ಅವರನ್ನು ಯಹೂದಿ ಗಾಂಧಿ ಎಂದು ಕರೆದರು. ಆ ಕಡೆಯವರೇ ಆದ ರೂಬಿ ಡೇನಿಯಲ್ ಮುಂದೆ ಇಸ್ರೇಲಿಗೆ ಹೋಗಿ, 'ರೂಬಿ ಆಫ್ ಕೊಚಿನ್' ಎಂಬ ನೆನಪಿನ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟರು. ಇಂದು ಎಲ್ಲರಿಗೂ ತೆರೆದ ಬಾಗಿಲು ಒಂದು ಕಾಲಕ್ಕೆ ಸ್ವಂತ ಜನರಿಗೇ ಅರ್ಧ ಮುಚ್ಚಿತ್ತು. ಇದನ್ನೂ ತಿಳಿದುಕೊಂಡೇ ಅಲ್ಲಿಗೆ ಹೋಗಬೇಕು.

ಪರದೇಸಿ ಸಿನಗಾಗ್ ಇರುವ ಬೀದಿಯಲ್ಲೇ ಸಾರಾ ಕೋಹೆನ್ ಅವರ ಕಸೂತಿ ಅಂಗಡಿ. ಅವರು 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗ ಆ ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ತಾಹಾ ಇಬ್ರಾಹಿಂ, ಸಾರಾ ಅವರನ್ನು ಕೊನೆಗಾಲದಲ್ಲಿ ಮಗನಂತೆ ನೋಡಿಕೊಂಡರು. ಅವರ ನಂತರವೂ ಆ ಮನೆಯ ನೆನಪನ್ನು ಜೋಪಾನ ಮಾಡುತ್ತಿದ್ದಾರೆ. ಸಬ್ಬತ್ತಿನ ರೊಟ್ಟಿಗೆ ಹೊದಿಸುವ ಬಟ್ಟೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಬಿಳಿ ಬಟ್ಟೆಯ ಅಂಚಿಗೆ ಸಣ್ಣ ಸಣ್ಣ ಹೊಲಿಗೆ, ಹಿಂಬದಿಯಲ್ಲಿ ಒಂದು ಗಂಟೂ ಕಾಣದಷ್ಟು ಅಚ್ಚುಕಟ್ಟು.

ಹೋಗುವವರಿಗೆ ಒಂದು ಮಾತು: ಚೇಂದಮಂಗಲ ಮತ್ತು ಪರವೂರಿಗೆ ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಮಟ್ಟಾಂಚೇರಿಯಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಮತ್ತು ಶನಿವಾರ ಪ್ರವೇಶವಿಲ್ಲ. ಚೇಂದಮಂಗಲಕ್ಕೆ ಅರ್ಧ ದಿನವಾದರೂ ಇಟ್ಟುಕೊಳ್ಳಿ, ಮೇಲಿನ ಉಪ್ಪರಿಗೆಗೆ ತಪ್ಪದೆ ಹತ್ತಿ.

ಮಂಗಳೂರಿನವರಿಗೆ ಇನ್ನೊಂದು ಮಾತು. ಒಬ್ಬ ಯಹೂದಿಯೂ ಉಳಿಯದ ಹಳ್ಳಿಯೊಂದು ಅವರ ಮನೆಯನ್ನು ಗುಡಿಸಿ, ದೀಪ ಹಚ್ಚಿ, ಶಾಲಾ ಮಕ್ಕಳಿಗೆ ತೋರಿಸುತ್ತಿದೆ. ಬೆನ್ ಯಿಜು ಮತ್ತು ಬೊಮ್ಮನ ಕಥೆ ನಮ್ಮ ಬಂದರಿನದು. ಆ ಪತ್ರಗಳಲ್ಲಿ ಹಲವನ್ನು ಕೇಂಬ್ರಿಜ್ ಗ್ರಂಥಾಲಯ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡುವಂತೆ ಇಟ್ಟಿದೆ. ಅವುಗಳ ಪ್ರತಿ ತೆಗೆಸಿ, ಕನ್ನಡ ಮತ್ತು ತುಳುವಿನಲ್ಲಿ ವಿವರ ಬರೆಸಿ, ಹಳೆ ಬಂದರಿನ ಹತ್ತಿರ ಒಂದೇ ಒಂದು ಕೋಣೆ ತೆರೆಯೋಣ. ವಿಶ್ವವಿದ್ಯಾಲಯ, ನಗರಪಾಲಿಕೆ, ವರ್ತಕರ ಸಂಘ, ಯಾರು ಮುಂದಾದರೂ ಸರಿ.